ರೊಟ್ಟಿ ತಟ್ಟಿದ ತಾಸುಗಳು

ಸರ್ಕಾರದಿಂದ ಹಣ ಪಡೆಯುವುದಕ್ಕಿಂತ, ಪಡೆದ ಮೇಲೆ ಅದರ ಜೊತೆ ಸಂಸಾರ ಮಾಡುವುದು ಕಷ್ಟ. ಇದು ನನಗೆ ತಿಳಿದದ್ದು ಟೊರೊಂಟೊದ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ಕಾರ್ಯದರ್ಶಿಯಾದ ಮೇಲೆ. ಹೇಗಾದೆ ಎಂದರೆ, ಆಯ್ಕೆಯ ದಿನ ಸಭೆಗೆ ತಡವಾಗಿ ಹೋದೆ, ಅಷ್ಟೇ. ಬಾಗಿಲು ತೆಗೆದು ಒಳಬಂದ ನನ್ನ ಕೈಗೆ ಫೈಲು ಕೊಟ್ಟು ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೂ ಫ್ಯಾಕ್ಸ್ ಮೆಷೀನಿನ ಕಾಲ ಅದು.

ಆ ವರ್ಷ ಹಿರಿಯರ ಕಾರ್ಯಕ್ರಮಕ್ಕೆಂದು ರಾಜಧಾನಿ ಒಟ್ಟಾವಾದಿಂದ ಅನುದಾನ ಬಂದಿತ್ತು. ಪ್ರತಿ ಶನಿವಾರ ನಾರ್ತ್ ಯಾರ್ಕಿನ ಒಂದು ಅಪಾರ್ಟ್‌ಮೆಂಟಿನ ಪಾರ್ಟಿ ರೂಮಿನಲ್ಲಿ ಹಾಡು, ಹರಟೆ, ಊಟ. ಹಿರಿಯರನ್ನು ಕರೆತರಲು ಬಾಡಿಗೆಯ ವ್ಯಾನು. ಧಾರವಾಡದ ಗಂಗಕ್ಕ ಇದ್ದದ್ದು ಮಗಳ ಮನೆಯಲ್ಲಿ, ಹದಿನಾಲ್ಕನೇ ಮಹಡಿಯಲ್ಲಿ. ಮಂಡಿನೋವು, ಜನವರಿಯ ಹಿಮದಲ್ಲಿ ಬಸ್‌ಸ್ಟಾಪಿನವರೆಗೂ ನಡೆಯಲಾರರು. ಮೊಮ್ಮಕ್ಕಳು ಅವರ ಎಲ್ಲ ಮಾತಿಗೂ "ಓಕೆ ಅಜ್ಜಿ" ಎಂದು ಮುಗಿಸಿಬಿಡುತ್ತಿದ್ದರು. ವಾರಕ್ಕೊಮ್ಮೆ ಅವರು ಬಾಯಿ ತುಂಬ ಮಾತಾಡುತ್ತಿದ್ದದ್ದು ಆ ವ್ಯಾನು ಬಂದ ದಿನ ಮಾತ್ರ.

ಅನುದಾನದ ಬೆನ್ನಿಗೇ ನಿಯಮಗಳ ಪುಸ್ತಕವೂ ಬಂತು. ರಸೀದಿಗಳನ್ನು ವರ್ಷಗಟ್ಟಲೆ ಜೋಪಾನ ಮಾಡಬೇಕು, ಕೊಂಡ ಸಾಮಾನಿಗೆಲ್ಲ ನಂಬರು ಅಂಟಿಸಬೇಕು. ರೊಟ್ಟಿ ಬಿಸಿ ಮಾಡುವ ಹಾಟ್‌ಪ್ಲೇಟಿಗೂ ಅಂಟಿಸಿದೆ. ಕಾವಿಗೆ ನಂಬರಿನ ಚೀಟಿ ಕಿತ್ತುಬಂದು ಒಬ್ಬರ ರೊಟ್ಟಿಗೆ ಹತ್ತಿಕೊಂಡಿತು. ಅದೂ ಆಗಲಿ. ನಾನು ಸಿಕ್ಕಿಬಿದ್ದದ್ದು ಇನ್ನೊಂದು ನಿಯಮದಲ್ಲಿ. ಖರ್ಚಿನಲ್ಲಿ ಸಂಘ ಹಾಕಬೇಕಾದ ಪಾಲಿಗೆ ಹಣದ ಬದಲು ನಾವು ಸ್ವಯಂಸೇವಕರ ದುಡಿಮೆಯನ್ನು ತೋರಿಸಿದ್ದೆವು. ಯಾರು ಎಷ್ಟು ಗಂಟೆ ದುಡಿದರೆಂದು ಹಾಳೆಯಲ್ಲಿ ಬರೆದಿಡಬೇಕಿತ್ತು. ಹಾಳೆ ಇಲ್ಲದಿದ್ದರೆ ಮುಂದಿನ ಕಂತಿಲ್ಲ, ಕಂತಿಲ್ಲದಿದ್ದರೆ ವ್ಯಾನಿಲ್ಲ.

ಬರೆಯಲೆಂದು ಪಾರ್ಟಿ ರೂಮಿನ ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಮೂರು ತಿಂಗಳ ಮೇಲೆ ತೆಗೆದು ನೋಡಿದರೆ ಒಂದೇ ಹೆಸರು, ಅದರ ಮುಂದೆ ನಲವತ್ತು ಗಂಟೆ. ಆ ಮಹನೀಯ ನಾನೇ.

"ಗಂಗಕ್ಕಾ, ವಾರವಾರ ಅರವತ್ತು ರೊಟ್ಟಿ ತಟ್ಟಿ ತರ್ತೀರಿ. ಎಷ್ಟು ಹೊತ್ತಾಗುತ್ತೆ ಅಂತ ಬರೆದುಬಿಡಿ" ಎಂದೆ.

"ಉಣ್ಣಾಕ ನೀಡಿದ್ದನ್ನ ಬರದ ಇಡತಾರೇನೋ ತಮ್ಮಾ?"

"ಬರೀದಿದ್ರೆ ವ್ಯಾನು ನಿಂತುಹೋಗುತ್ತೆ."

"ನಿಂತರ ನಿಲ್ಲಲಿ ಬಿಡು" ಎಂದರು. ಆದರೆ ಅವರ ಕೈ ಮಂಡಿಯ ಮೇಲೆ ಹೋಯಿತು. ಹಾಳೆಯ ಮೇಲಿನ ನನ್ನ ನಲವತ್ತನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೆ.

ಪಕ್ಕದಲ್ಲಿದ್ದ ಮೈಸೂರಿನ ಸರೋಜಮ್ಮನವರ ಕಡೆ ತಿರುಗಿದೆ. "ನಂದೇನಪ್ಪಾ, ಒಂದು ಸಾರು ಕುದಿಸೋದು. ಅದೂ ಒಂದು ಕೆಲಸಾನಾ?" ಎಂದರು ಅವರು.

ಗಂಗಕ್ಕನಿಗೆ ಇದನ್ನು ತಡೆಯಲಾಗಲಿಲ್ಲ. "ಸುಳ್ಳ ಹೇಳಬ್ಯಾಡ್ರಿ ಸರೋಜಮ್ಮ. ಮುಂಜಾನೆ ಆರಕ್ಕ ಎದ್ದು ಪುಡಿ ಹುರೀತಾರ ತಮ್ಮಾ, ಉಂಡ ಮ್ಯಾಲೆ ಎಲ್ಲಾರ ಭಾಂಡಿ ತೊಳದ ಹೋಗತಾರ. ಐದ ತಾಸು. ಬರಕೋ."

"ಮೊದಲು ಇವರದು ಬರ್ಕೊಳ್ಳಿ" ಎಂದರು ಸರೋಜಮ್ಮ. "ಆ ಮಂಡೀಲಿ ನಾಲ್ಕು ಗಂಟೆ ಒಲೆ ಮುಂದೆ ನಿಂತಿರ್ತಾರೆ. ಮಗಳು ನಂಗೆ ಫೋನಲ್ಲಿ ಹೇಳಿದಾಳೆ."

ನನಗೆ ಆಗ ಬುದ್ಧಿ ಬಂತು. ನಮ್ಮ ಜನ ತಾವು ಮಾಡಿದ್ದನ್ನು ಹೇಳಿಕೊಳ್ಳಲು ನಾಚುತ್ತಾರೆ. ಪಕ್ಕದವರು ಮಾಡಿದ್ದನ್ನು ನಿಮಿಷದ ಸಮೇತ ಬಲ್ಲರು. ಪುಸ್ತಕ ತಿರುವಿದರೆ, ಕೆಲಸ ಕಂಡ ಬೇರೆಯವರು ಬರೆದು ಸಹಿ ಹಾಕಿದರೂ ನಡೆಯುತ್ತದೆ ಎಂದಿತ್ತು. ಅದನ್ನು ಬರೆದ ಅಧಿಕಾರಿಗೂ ಮನೆಯಲ್ಲೊಬ್ಬ ಅಜ್ಜಿ ಇದ್ದಿರಬೇಕು. ಮುಂದಿನ ಶನಿವಾರ ಎಲ್ಲರೂ ಇನ್ನೊಬ್ಬರ ಗಂಟೆಗಳನ್ನು ಬರೆದರು. ಹಾಳೆ ಸಾಲದೆ ಹಿಂಬದಿಯನ್ನೂ ತುಂಬಿಸಬೇಕಾಯಿತು.

"ನಿಂದ್ಯಾರ ಬರದಾರ?" ಎಂದು ಗಂಗಕ್ಕ ಕೇಳಿದರು.

ಹಾಳೆಯನ್ನು ಮನೆಗೆ ಒಯ್ದು ಹೆಂಡತಿಯ ಮುಂದಿಟ್ಟೆ. ಅವಳು ನಲವತ್ತನ್ನು ನೋಡಿದಳು, ನನ್ನನ್ನೂ ನೋಡಿದಳು, ಹೊಡೆದುಹಾಕಿ ಹನ್ನೊಂದು ಎಂದು ಬರೆದಳು. "ಉಳಿದ ಇಪ್ಪತ್ತೊಂಬತ್ತು?" ಎಂದೆ. "ಅದು ಈ ಕೆಲಸ ಎಷ್ಟು ಕಷ್ಟ ಅಂತ ನನ್ನ ಹತ್ರ ಹೇಳಿದ್ದು" ಎಂದು ಸಹಿ ಹಾಕಿದಳು.

ಹನ್ನೊಂದನ್ನೇ ಕಳಿಸಿದೆ. ಕಂತು ಬಂತು, ಫೆಬ್ರವರಿಯ ಹಿಮದಲ್ಲೂ ವ್ಯಾನಿನಿಂದ ರೊಟ್ಟಿಯ ಗಂಟಿನೊಂದಿಗೆ ಗಂಗಕ್ಕ ಇಳಿದರು. ನನ್ನ ಇಪ್ಪತ್ತೊಂಬತ್ತು ಗಂಟೆಯ ಗೋಳನ್ನು ಕೂತು ಕೇಳಿದವಳ ಸಹಿ ಹಾಳೆಯಲ್ಲಿತ್ತು, ದುಡಿದವರ ಪಟ್ಟಿಯಲ್ಲಿ ಅವಳ ಹೆಸರು ಮಾತ್ರ ಎರಡು ಬದಿಯಲ್ಲೂ ಎಲ್ಲಿಯೂ ಇರಲಿಲ್ಲ. ಅವಳ ಕೆಲಸ ಕಂಡವನು ನಾನೊಬ್ಬನೇ, ಬರೆಯಬೇಕಾದವನೂ ನಾನೇ ಆಗಿದ್ದೆ.