ಕೋಟೆ ಮತ್ತು ಕೋಟು

ಬೇರೆ ಯಾರಿಂದಲೂ ಆಗದಿದ್ದರೆ ಬೇಡ, ಆ ಕೊನೆಯ ಕೋಟೆಯನ್ನು ನಾನಂತೂ ಗೆದ್ದೇ ತೀರುತ್ತೇನೆ ಎಂದು ಎರಡನೇ ಕ್ಲಾಸಿನಲ್ಲಿದ್ದಾಗ ಪಣ ತೊಟ್ಟೆ.

ಆಗಿನ ವಿಡಿಯೋ ಗೇಮಿನ ಕ್ಯಾಸೆಟ್ಟನ್ನು ಬಾಯಿಂದ ಊದಿ, ತಟ್ಟಿ ಕೂರಿಸಿದರೆ ಟಿವಿಯೊಳಗೆ ಪುಟ್ಟ ವೀರನೊಬ್ಬ ಕುಣಿಯುತ್ತಾ ಬರುತ್ತಿದ್ದ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವನ ಟುಂಯ್ ಟುಂಯ್, ಅವಳ ಮಿಷಿನ್ನಿನ ಟಕಟಕ, ಎರಡೂ ಸೇರಿದರೆ ನಮ್ಮ ಮನೆಯ ಸಂಗೀತ.

ಆದರೆ ಆ ಗೇಮಿಗೆ ಜ್ಞಾಪಕಶಕ್ತಿ ಇರಲಿಲ್ಲ. ಕರೆಂಟು ತಪ್ಪಿದರೆ ಗೆದ್ದ ರಾಜ್ಯವೆಲ್ಲ ಮಣ್ಣುಪಾಲು, ಮತ್ತೆ ಮೊದಲಿನಿಂದ ಶುರು. ಅಂದು ಬೆಳಿಗ್ಗೆ ಕೋಟೆಯ ಬಾಗಿಲು ಮುಟ್ಟುವಷ್ಟರಲ್ಲಿ ಸ್ಕೂಲಿಗೆ ಹೊತ್ತಾಯಿತು. ಆಟವನ್ನು ಆರಿಸದೆ, ಪಾಸ್ ಒತ್ತಿ ಹಾಗೇ ನಿಲ್ಲಿಸಿದೆ.

ತೊಡಕಿದ್ದದ್ದು ಪ್ಲಗ್ಗಿನಲ್ಲಿ. ಟಿವಿಯ ಪಕ್ಕ ಉಳಿದಿದ್ದ ಒಂದೇ ಪ್ಲಗ್ಗಿನ ಮೇಲೆ ನನ್ನ ಗೇಮಿಗೂ ಅಮ್ಮನ ಇಸ್ತ್ರಿಪೆಟ್ಟಿಗೆಗೂ ಸಮಾನ ಹಕ್ಕು.

"ಅಮ್ಮಾ, ಆಟ ಮುಗಿಯೋವರೆಗೂ ಅದನ್ನ ಕೀಳಬೇಡ."

"ನಿನಗೆ ಕೋಟೆ, ನನಗೆ ಕೋಟು. ಮಧ್ಯಾಹ್ನ ಗಿರಾಕಿ ಬರ್ತಾರೆ ಕಣೋ, ಇಸ್ತ್ರಿ ಆಗ್ಬೇಕು."

ಇನ್ನು ಕಾವಲಿಗೆ ನಾನೇ ನಿಲ್ಲಬೇಕು. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಉರುಳಿದೆ. ಅಭಿನಯ ಬೇಕಾದ್ದಕ್ಕಿಂತ ಚೆನ್ನಾಗಿ ಬಂತು. ಅಪ್ಪ ಗಾಬರಿಬಿದ್ದು ನನ್ನನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದರು.

ಡಾಕ್ಟರು ಎಲ್ಲಿ ಒತ್ತಿದರೂ "ಅಲ್ಲೇ ನೋವು" ಎಂದೆ.

"ಎಲ್ಲ ಕಡೆ ನೋವು ಅಂದ್ರೆ ಇಂಜೆಕ್ಷನ್ನೇ ಸರಿ," ಎಂದರು.

"ಈಗ ವಾಸಿಯಾಯ್ತು," ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕುಂಟುತ್ತಾ ಮನೆಗೆ ಬಂದರೆ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆ ಸಲೀಸಾಗಿ ಓಡಾಡುತ್ತಿತ್ತು. ನನ್ನ ಗೇಮಿನ ವಯರು ಸತ್ತ ಹಾವಿನಂತೆ ನೆಲದ ಮೇಲೆ ಬಿದ್ದಿತ್ತು. ಅಳು ಉಕ್ಕಿಬಂತು.

"ಕಿತ್ತುಬಿಟ್ಟೆಯಾ ಅಮ್ಮಾ?"

"ಮುಗಿಯೋವರೆಗೂ ಬೇಡ ಅಂದಿದ್ದೆಯಲ್ಲ. ಮುಗಿಸಿ ಕಿತ್ತೆ."

"ಯಾರು ಮುಗಿಸಿದ್ದು?"

"ನಾನೇ. ನೀನು ಎಲ್ಲೆಲ್ಲಿ ಬೀಳ್ತೀಯ ಅಂತ ಹೊಲೀತಾ ಹೊಲೀತಾ ದಿನಾ ನೋಡ್ತಿರ್ತೀನಲ್ಲ. ಅಲ್ಲೆಲ್ಲ ಬೀಳದೆ ಹೋದೆ, ಅಷ್ಟೇ."

ಆ ಬಾಗಿಲ ಹಿಂದೆ ಏನಿದೆಯೋ ಎಂದು ರಜಾದಿನಗಳನ್ನೆಲ್ಲ ಸವೆಸಿದವನು ನಾನು. ಮೂಗು ಒರೆಸಿಕೊಂಡು ಹತ್ತಿರ ಹೋದೆ.

"ಒಳಗೆ ಏನಿತ್ತಮ್ಮ?"

ಅಮ್ಮ ಕೋಟಿನ ತೋಳು ತಿರುವಿ ಹಾಕಿದಳು.

"ಏನೋ ಬಾಜಾಬಜಂತ್ರಿ ಶುರುವಾಯ್ತಪ್ಪ. ನೋಡ್ತಾ ಕೂರೋಕೆ ನನಗೆಲ್ಲಿ ಪುರುಸೊತ್ತು?"