ಲೀವ್ ಅಂದ್ರೆ ಬುಡು

ನಾನು ಇಂಗ್ಲಿಷ್ ಮೇಷ್ಟ್ರು. ಎಲ್ಲಿಗೆ ವರ್ಗವಾದರೂ 'ಲೀವ್' ಅನ್ನೋ ಪದದ ಫಜೀತಿ ಮಾತ್ರ ನನ್ನ ಹಿಂದೆಯೇ ಬರುತ್ತೆ. ಲೀವ್ ಅಂದರೆ ಬಿಡು ಅಂತ ಹೇಳಿಕೊಡೋದು ಸುಲಭ. ಆದರೆ ನಮ್ಮ ಸೀಮೆಯವರು ಬಸ್ಸು ಬುಡ್ತಾರೆ, ಗದ್ದೆಗೆ ನೀರು ಬುಡ್ತಾರೆ, ಮೀಸೆ ಬುಡ್ತಾರೆ, ರೀಲೂ ಬುಡ್ತಾರೆ. ಅದನ್ನೆಲ್ಲ ಇಂಗ್ಲಿಷಿಗೆ ತರೋಕೆ ಹೊರಟರೆ ಶುರುವಾಯ್ತು ನೋಡಿ.

ಗಡ್ಡ

ಪಾಂಡವಪುರದ ಹತ್ತಿರದ ಶಾಲೆ. ಲೀವ್ ಬಳಸಿ ಸ್ವಂತ ವಾಕ್ಯ ಬರೀರಿ ಅಂದೆ. ಒಬ್ಬ ಹುಡುಗ, "ಮೈ ಫಾದರ್ ಲೆಫ್ಟ್ ಹಿಸ್ ಬಿಯರ್ಡ್" ಅಂತ ಬರೆದಿದ್ದ. ಅವರಪ್ಪ ಹರಕೆಗೆ ಗಡ್ಡ ಬಿಟ್ಟಿದ್ದರು.

"ಗಡ್ಡ ಬಿಡೋದಕ್ಕೆ 'ಗ್ರೋ' ಅನ್ನಬೇಕು ಕಣಪ್ಪ. ನೀನು ಬರೆದಿರೋದು, ಗಡ್ಡವನ್ನ ಎಲ್ಲೋ ಬಿಟ್ಟು ಬಂದರು ಅಂತಾಗುತ್ತೆ" ಅಂದು ತಪ್ಪು ಹಾಕಿದೆ.

ಹುಡುಗ ಯೋಚಿಸಿದ. "ಸಾ, ಮುಂದಿನ್ ತಿಂಗ್ಳು ಬೆಟ್ಟದಲ್ಲಿ ಮುಡಿ ಕೊಡ್ತಾರೆ. ಗಡ್ಡ ಅಲ್ಲೇ ಬುಟ್ಟು ಬತ್ತಾರೆ. ಆಗ ಮಾರ್ಕ್ಸು ಕೊಡ್ತೀರಾ?"

ಬೀಡಿ

ನಾಗಮಂಗಲದ ಶಾಲೆಯ ಅಟೆಂಡರು ಹೆಂಡತಿ ಮೇಲೆ ಆಣೆ ಮಾಡಿ ಬೀಡಿ ಬಿಟ್ಟರು. ನಾವೆಲ್ಲ ಕೈ ಕುಲುಕಿದ್ದೂ ಆಯ್ತು. ಸ್ವಲ್ಪ ದಿನಕ್ಕೆ ನೀರಿನ ಟ್ಯಾಂಕಿನ ಹಿಂದೆ ಹೊಗೆ ಕಾಣಿಸಿತು.

"ಏನ್ರೀ, ಬಿಟ್ಟೆ ಅಂದಿರಿ?"

"ಬುಟ್ಟಿದ್ದೆ ಸಾ, ಸುಳ್ಳೇಳ್ತೀನಾ? ನೀವೇ ಅಲ್ವಾ ಮಕ್ಳಿಗೆ ಏಳ್ಕೊಟ್ಟಿದ್ದು, ಲೀವು ಅಂದ್ರೆ ರಜಾನೂ ಆಯ್ತದೆ ಅಂತ? ಬೀಡಿ ಲೀವು ಮುಗೀತು ಸಾ. ಇವತ್ತು ಡ್ಯೂಟಿಗೆ ಬಂದದೆ."

ತೆಪ್ಪ

ಈಗಿರೋದು ಶ್ರೀರಂಗಪಟ್ಟಣ. ಹೊಳೆಯಲ್ಲಿ ತೆಪ್ಪ ಬಿಡುವವರೊಬ್ಬರು ನನ್ನ ಹತ್ತಿರ ನಾಲ್ಕು ಮಾತು ಇಂಗ್ಲಿಷ್ ಕಲಿತರು. ಒಂದು ಭಾನುವಾರ ವಿದೇಶದ ಗಂಡ ಹೆಂಡತಿ ಬಂದರು. ಇವರು ಓಡಿ ಹೋಗಿ, "ಕಮ್ ಸಾರ್, ಕಮ್ ಮೇಡಂ! ಐ ಲೀವ್ ಯೂ ಇನ್ ರಿವರ್!" ಅಂದರು.

ನದಿಯಲ್ಲಿ ಬಿಟ್ಟು ಬರ್ತಾನಂತೆ! ಇಬ್ಬರೂ ಮುಖ ಮುಖ ನೋಡಿಕೊಂಡರು. "ಇನ್ ದಿ ರಿವರ್?" ಅಂತ ಆಯಮ್ಮ ಮೆತ್ತಗೆ ಕೇಳಿದರು.

"ಎಸ್ ಮೇಡಂ! ಡೈಲಿ ಲೀವ್. ನೋಬಡಿ ಕಮ್ ಬ್ಯಾಕ್ ಅಂಡ್ ಕಂಪ್ಲೇಂಟ್!"

ಮೆಸೇಜು

ಇದು ಇವೆಲ್ಲಕ್ಕಿಂತ ಹಿಂದಿನದು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ನನಗೆ ಬಾಡಿಗೆಗೆ ಮನೆ ಕೊಟ್ಟಿದ್ದವನು ಹಸು ಸಾಕಿಕೊಂಡಿದ್ದ ಯುವಕ. ಹೆಂಡತಿ ಡಿಗ್ರಿ ಓದಿದವಳು. ನೆಂಟರ ಮುಂದೆ "ಸಾರಿಗೆ ಉಪ್ಪಿಲ್ಲ" ಅಂದ ಅಂತ ಬಿಂಡಿಗನವಿಲೆಯ ತವರಿಗೆ ಹೊರಟುಹೋದಳು. ಫೋನ್ ಮಾಡಿದರೆ ಎತ್ತಲ್ಲ. ಇವನಿಗೆ ಊಟ ಸೇರಲ್ಲ. ಅವಳ ಕೈಗೆ ಹೊಂದಿಕೊಂಡಿದ್ದ ಹಸುಗಳೂ ಇವನಿಗೆ ಹಾಲು ಬಿಡಲೊಲ್ಲವು.

ಒಂದು ಸಂಜೆ ನಾನು ಪೇಪರು ತಿದ್ದುತ್ತಿದ್ದಾಗ ಬಂದು ನಿಂತ. "ಮೇಷ್ಟ್ರೇ, ಬುಡೋದುಕ್ಕೆ ಇಂಗ್ಲೀಷಲ್ಲಿ ಏನಂತಾರೆ?"

"ಲೀವ್."

"ಇರಕ್ಕಾಗಲ್ಲ ಅನ್ನಕ್ಕೆ?"

"ಕಾಂಟ್ ಸ್ಟೇ." ತಲೆ ಎತ್ತದೇ ಹೇಳಿದೆ.

ಮಾರನೇ ದಿನ ಬೆಳಿಗ್ಗೆ ಬೀದಿಯಲ್ಲಿ ಗಲಾಟೆ. ಅಪ್ಪ, ಅಣ್ಣನನ್ನು ಕಟ್ಟಿಕೊಂಡು ಅವಳೇ ಬಂದಿದ್ದಾಳೆ. ಅಣ್ಣ ಇವನ ಕೊರಳಪಟ್ಟಿ ಹಿಡಿದು, "ಯಾರ್ಲಾ ಅವ್ಳು? ಬೊಗ್ಳು!" ಅಂತಿದ್ದಾನೆ. ಅವಳು ಅಳುತ್ತಾ ಫೋನು ನನ್ನ ಕೈಗಿಟ್ಟಳು. "ನಿನ್ನ ಬುಟ್ಟು ಇರಕ್ಕಾಗಲ್ಲ" ಅಂತ ಬರೆಯೋಕೆ ಹೋದ ಮಹಾನುಭಾವ, "ಐ ಲೀವಿಂಗ್ ಯೂ. ಕಾಂಟ್ ಸ್ಟೇ" ಅಂತ ಕಳಿಸಿದ್ದ.

ನಾನು ಬಿಡಿಸಿ ಹೇಳಿದೆ. ಅಣ್ಣ ಕೊರಳಪಟ್ಟಿ ಬಿಟ್ಟು ಅದನ್ನೇ ನೇವರಿಸಿ ಸರಿ ಮಾಡಿದ. ಮಾವ ತಲೆ ಚಚ್ಚಿಕೊಂಡು ಜಗಲಿ ಮೇಲೆ ಕೂತರು. ಅವಳು ಕಣ್ಣೊರೆಸಿಕೊಂಡು, "ಅದನ್ನ ಕನ್ನಡದಲ್ಲಿ ಕಳ್ಸಕ್ಕೆ ಏನಾಗಿತ್ತು ನಿಂಗೆ?" ಅಂತ ಗದರಿದಳು.

ಇವನು ಅಂಗಿ ಕೊಡವಿಕೊಂಡ. "ಕನ್ನಡದಲ್ಲಿ ವಾರದಿಂದ ಬಾ ಬಾ ಅಂತ ಕಳ್ಸ್ತಾನೇ ಇದ್ದೆ, ಬಂದ್ಯಾ? ಇಂಗ್ಲೀಷಲ್ಲಿ ಒಂದೇ ಒಂದು ಕಳ್ಸಿದ್ದುಕ್ಕೆ ಮೊದಲ್ನೇ ಬಸ್ಸಿಗೇ ಓಡ್ಬಂದ್ಯಲ್ಲ!"