ಎಂಟು ಗೇಣಿನ ಮೇಜು

ಅಷ್ಟು ರಗಳೆಗೂ ಮೂಲ ಮೂರನೇ ತರಗತಿಯ ಒಂದು ಮೇಜು. ಪಾಪ, ಅದರ ತಪ್ಪೇನೂ ಇರಲಿಲ್ಲ.

ಆ ತರಗತಿಯ ಮೇಷ್ಟ್ರು ಆರು ವರ್ಷದಿಂದ ಹಂಗಾಮಿ. ಇವತ್ತು ಪಾಠ ನೋಡಿ ಇನ್‌ಸ್ಪೆಕ್ಟರ್ ಸಾಹೇಬರು ಸಹಿ ಹಾಕಿದರೆ ಕೆಲಸ ಕಾಯಂ, ಇಲ್ಲವಾದರೆ ಇನ್ನೊಂದು ವರ್ಷ ಕಾಯಬೇಕು. ಮೇಷ್ಟ್ರು ತುಂಬ ಯೋಚಿಸಿ ಪಾಠ ಸಿದ್ಧಪಡಿಸಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಮೇಜನ್ನು ಗೇಣಿನಲ್ಲಿ ಅಳೆಯಬೇಕು. ಒಬ್ಬೊಬ್ಬರದು ಒಂದೊಂದು ಲೆಕ್ಕ ಬರುತ್ತದೆ. ಮಕ್ಕಳು ಜಗಳಕ್ಕೆ ಬೀಳುತ್ತಾರೆ. ಆಗ ಅಳತೆಪಟ್ಟಿ ಏಕೆ ಬೇಕೆಂದು ಅವರಿಗೇ ಹೊಳೆಯುತ್ತದೆ.

ಮೊದಲ ಹುಡುಗ ಅಳೆದು, "ಎಂಟು ಸಾರ್" ಎಂದ. ಎರಡನೆಯವಳೂ ಎಂಟೇ ಎಂದಳು. ಮೂರನೆಯವನು ಮೇಜಿನ ನಡುವಿನಲ್ಲೇ ಕೈಯೆತ್ತಿ ಎಂಟು ಎಂದ. ನಾಲ್ಕನೆಯವಳು ಮೇಜನ್ನು ಮುಟ್ಟುವ ಮೊದಲೇ ಹೇಳಿಬಿಟ್ಟಳು. ಹಿಂದಿನ ಕುರ್ಚಿಯಲ್ಲಿ ಸಾಹೇಬರು ಬರೆದುಕೊಳ್ಳುತ್ತಲೇ ಇದ್ದರು.

ಮೇಷ್ಟ್ರು ಗಾಬರಿಯಿಂದ ಸುತ್ತ ನೋಡಿದರು. ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಡಂ ಹತ್ತಿರ ಬಂದು ಪಿಸುಗುಟ್ಟಿದರು:

"ಹೆದರ್ಬೇಡಿ. ನಿನ್ನೆ ನೀವು ಸ್ಟಾಫ್ ರೂಮಿಗೆ ಹೋದಾಗ ನಾನೇ ಅಳೆದು ಎಲ್ರಿಗೂ ಬಾಯಿಪಾಠ ಮಾಡಿಸಿದೀನಿ. ಒಬ್ರೂ ತಪ್ಪಲ್ಲ, ನೋಡ್ತಿರಿ."

ಉಪಕಾರ ಮಾಡುವವರಿಂದ ತಪ್ಪಿಸಿಕೊಳ್ಳುವುದು ಶತ್ರುಗಳಿಂದ ತಪ್ಪಿಸಿಕೊಂಡಷ್ಟು ಸುಲಭವಲ್ಲ. ಮೇಷ್ಟ್ರು ಮುಂದಿನವರನ್ನು ಕರೆದರು.

ಆಗ ಎದ್ದು ಬಂದವಳು ಕಡ್ಡಿ. ತೀರ ಸಣಕಲಿಯಾದ್ದರಿಂದ ತರಗತಿ ಅವಳಿಗಿಟ್ಟ ಹೆಸರು ಅದು. ನಾಲಿಗೆ ಕಚ್ಚಿಕೊಂಡು ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಅಳೆದು, "ಹನ್ನೆರಡು" ಎಂದಳು. ತರಗತಿ ಗೊಳ್ಳೆಂದಿತು.

"ಸರಿಯಾಗಿ ಎಣಿಸು ಪುಟ್ಟಿ, ಎಂಟಲ್ವಾ?" ಎಂದರು ಹೆಡ್ ಮೇಡಂ.

ಕಡ್ಡಿ ಮತ್ತೆ ಅಳೆದಳು. ಮತ್ತೆ ಹನ್ನೆರಡು. ಅವಳ ಕಣ್ಣು ತುಂಬಿತು.

"ತಪ್ಪು, ಹೋಗಿ ಕೂತ್ಕೋ" ಎಂದಿದ್ದರೆ ಎಲ್ಲವೂ ಸಲೀಸಾಗಿ ಮುಗಿಯುತ್ತಿತ್ತು. ಮೇಷ್ಟ್ರಿಗೆ ಆ ಮಾತು ಬಾಯಿಗೆ ಬರಲಿಲ್ಲ. ತನ್ನ ಕೈಯನ್ನೇ ನಂಬಿದ ಮಗುವಿಗೆ ನಿನ್ನ ಕೈ ಸುಳ್ಳು ಎಂದು ಹೇಳಿ, ಆಮೇಲೆ ಏನು ಪಾಠ ಮಾಡುವುದು?

"ಸಾರ್, ಸರಿಯಾಗಿ ಅಳೆದವಳು ಇವಳೇ" ಎಂದರು. "ಉಳಿದವ್ರದು ಗಿಣಿಪಾಠ. ಬೇಕಾದ್ರೆ ನೀವೇ ಅಳೆದು ನೋಡಿ."

ಸಾಹೇಬರು ಎದ್ದು ಬಂದು ತಮ್ಮ ಅಗಲವಾದ ಅಂಗೈ ಚಾಚಿ ಅಳೆದರು. ಏಳು ಬಂತು. "ಅದು ಹೇಗೆ ಏಳಾಗತ್ತೆ?" ಎಂದು ಹೆಡ್ ಮೇಡಂ ಅಳೆದರು. ಎಂಟು ಬಂತು. ದೊಡ್ಡವರಿಬ್ಬರು ಮೇಜಿಗೆ ಬಾಗಿ ವಾದಿಸುವುದನ್ನು ಕಂಡು ಮಕ್ಕಳಿಗೆ ಧೈರ್ಯ ಬಂದು, ನುಗ್ಗಿ ಬಂದು ನಿಜವಾಗಿ ಅಳೆದರು. ಹನ್ನೊಂದು, ಹದಿಮೂರು, ಹನ್ನೆರಡೂವರೆ. ಕೊನೆಗೆ ಒಬ್ಬ ಕೇಳಿಯೇ ಬಿಟ್ಟ:

"ಹಾಗಾದ್ರೆ ಈ ಮೇಜು ನಿಜವಾಗ್ಲೂ ಎಷ್ಟುದ್ದ ಸಾರ್?"

ಮೇಷ್ಟ್ರು ಅಳತೆಪಟ್ಟಿಯನ್ನು ಕೈಗೆತ್ತಿಕೊಂಡರು. ಆರು ವರ್ಷದಲ್ಲಿ ಅವರಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

"ಪಾಠ ಅಂದ್ರೆ ಇದು" ಎಂದರು ಸಾಹೇಬರು. ಪೆನ್ನಿನ ಮುಚ್ಚಳ ತೆಗೆದು ಫಾರಂ ಬಿಡಿಸಿ, ಕಡ್ಡಿಯನ್ನು ಹತ್ತಿರ ಕರೆದರು. "ಎಲ್ರೂ ಎಂಟು ಅಂದಾಗ ನೀನೊಬ್ಳೇ ಹನ್ನೆರಡು ಅಂದ್ಯಲ್ಲ ಮಗು, ಹೆದರಿಕೆ ಆಗ್ಲಿಲ್ವಾ?"

"ಎಂಟು ಅಂತ ಹೇಳ್ಬೇಕು ಅನ್ನೋದು ನಂಗೆ ಗೊತ್ತೇ ಇರ್ಲಿಲ್ಲ ಸಾರ್. ನಿನ್ನೆ ಜ್ವರ ಬಂದು ಮನೇಲೇ ಮಲಗಿದ್ದೆ."

ಸಾಹೇಬರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಎಳೆದುಕೊಂಡು ನಿನ್ನೆಯ ಕಾಲಂ ಮೇಲೆ ಬೆರಳಾಡಿಸಿದರು. ಇಪ್ಪತ್ತಾರಕ್ಕೆ ಇಪ್ಪತ್ತಾರೂ ಹಾಜರ್.

ಪಾಠದ ತಯಾರಿಯ ಗಡಿಬಿಡಿಯಲ್ಲಿ ಮೇಷ್ಟ್ರು ನಿನ್ನೆ ಹೆಸರು ಕೂಗದೆಯೇ ಎಲ್ಲರಿಗೂ ಹಾಜರಿ ಗೆರೆ ಎಳೆದು ಸಹಿ ಹಾಕಿದ್ದರು.

"ಎಣಿಸದೆ ಹೇಳಿದ್ದು ಮಕ್ಕಳು ಮಾತ್ರ ಅಂದ್ಕೊಂಡಿದ್ದೆ ಮೇಷ್ಟ್ರೇ" ಎಂದು ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. "ಮುಂದಿನ ವರ್ಷ ಬರ್ತೀನಿ."

ಅವರು ಹೋದ ಮೇಲೆ ಕಡ್ಡಿ ಮೆಲ್ಲಗೆ ಕೇಳಿದಳು, "ಸಾರ್, ನಾನು ತಪ್ಪು ಹೇಳಿದ್ನಾ?"

ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿಟ್ಟರು.

"ಇಲ್ಲ ಮರಿ" ಎಂದರು. "ನೀನು ಹೇಳಿದ್ದು ಎರಡೂ ಸರಿ."